ನೋವಿನ ಅಳತೆಯೂ ಸತ್ಯದ ಹೊಣೆಯೂ

ಕಷ್ಟವನ್ನು ಸಹಿಸುವುದು ಸದ್ಗುಣವೆಂಬುದರಲ್ಲಿ ವಿವಾದವಿಲ್ಲ. ಆದರೆ ಕೇಳಬೇಕಾದವರು ಕೇಳಿದಾಗಲೂ ಆ ಕಷ್ಟವನ್ನು ಇಲ್ಲವೆಂದು ಹೇಳುವುದು ಸದ್ಗುಣವಾದೀತೇ? ತನಗೆ ಸಲ್ಲಬೇಕಾದುದು ಪೂರ್ಣವಾಗಿ ಸಲ್ಲಲಿಲ್ಲವೆಂದು ಎರಡನೆಯ ಬಾರಿ ಬಾಗಿಲು ತಟ್ಟುವವನು ಲೋಭಿಯೇ, ನ್ಯಾಯಾರ್ಥಿಯೇ? ನೋವು ದೇಹದ್ದಾದರೆ ಗಾಯವೇ ಸಾಕ್ಷಿ ಹೇಳುತ್ತದೆ. ಮನಸ್ಸಿನದಾದರೆ ನೊಂದವನ ಮಾತಲ್ಲದೆ ಬೇರೆ ಸಾಕ್ಷಿ ದುರ್ಲಭ. ಅಂತಹ ಸಂದರ್ಭದಲ್ಲಿ ಮಾತಿನ ಸತ್ಯವೇ ನ್ಯಾಯದ ಆಧಾರವಾಗುತ್ತದೆ. ಈ ಪ್ರಶ್ನೆ ಬಹು ತೀಕ್ಷ್ಣವಾಗಿ ಎದುರಾಗುವ ಸ್ಥಳಗಳಲ್ಲಿ ಅಮೆರಿಕ ದೇಶದ ಮಾಜಿ ಸೈನಿಕರ ಪರಿಹಾರ ವ್ಯವಸ್ಥೆಯೂ ಒಂದು. ದೂರದ ದೇಶದ ವಿಷಯವಾದರೂ ಅದರೊಳಗಿನ ಧರ್ಮಸಂಕಟ ಯಾವ ಮನೆಗೂ ಹೊರತಾದುದಲ್ಲ.

ಯುದ್ಧದಿಂದ ಮರಳಿದವರಲ್ಲಿ ಕೆಲವರನ್ನು ದುಃಸ್ವಪ್ನ, ಹಠಾತ್ ಭೀತಿ, ಕೋಪ, ನಿದ್ರಾನಾಶ, ಜನರಿಂದ ದೂರ ಸರಿಯುವಿಕೆ ಮುಂತಾದ ಬಾಧೆಗಳು ವರ್ಷಗಟ್ಟಲೆ ಕಾಡುತ್ತವೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಇದಕ್ಕೆ ಆಘಾತೋತ್ತರ ಮನೋವ್ಯಾಧಿ ಎಂಬ ಅರ್ಥದ ಹೆಸರನ್ನು ಕೊಟ್ಟಿತು. ಪಿ.ಟಿ.ಎಸ್.ಡಿ. ಎಂಬ ಸಂಕ್ಷಿಪ್ತ ರೂಪ ಇಂದು ಎಲ್ಲೆಡೆ ಪರಿಚಿತ. ಈ ವ್ಯಾಧಿಯಾಗಲಿ, ಖಿನ್ನತೆಯೇ ಮೊದಲಾದ ಇತರ ಮನೋವ್ಯಾಧಿಯಾಗಲಿ ಸೈನಿಕ ಸೇವೆಯಿಂದ ಬಂದುದೆಂದು ಒಪ್ಪಿತವಾದರೆ, ಅಲ್ಲಿನ ಮಾಜಿ ಸೈನಿಕರ ಇಲಾಖೆಯು ಅದರ ತೀವ್ರತೆಯನ್ನು ಶೇಕಡಾ ಲೆಕ್ಕದಲ್ಲಿ ಗೊತ್ತುಮಾಡುತ್ತದೆ. 0, 10, 30, 50, 70, 100 ಎಂಬ ಆರು ಮೆಟ್ಟಿಲುಗಳು ಮಾತ್ರ ಇವೆ. ಕೆಲಸದಲ್ಲಿ ಆಗಾಗ ದಕ್ಷತೆ ಕುಗ್ಗುವವನಿಗೆ 30, ನಂಬಿಕೆಗೆ ತಕ್ಕಂತೆ ದುಡಿಯುವ ಶಕ್ತಿಯೇ ಇಳಿದವನಿಗೆ 50, ಉದ್ಯೋಗ, ಕುಟುಂಬ, ವಿವೇಚನೆ, ಮನಸ್ಥಿತಿ ಮುಂತಾದ ಬಹುತೇಕ ಕ್ಷೇತ್ರಗಳಲ್ಲಿ ಕೊರತೆಯುಳ್ಳವನಿಗೆ 70, ದುಡಿಮೆಯೂ ಸಮಾಜಜೀವನವೂ ಸಂಪೂರ್ಣ ಕುಸಿದವನಿಗೆ 100 ಎಂಬುದು ಈ ಅಳತೆಯ ಸ್ಥೂಲ ರೂಪ. 2025ರ ದರದಂತೆ ಅವಲಂಬಿತರಿಲ್ಲದವನಿಗೆ ಶೇಕಡಾ 30ಕ್ಕೆ ತಿಂಗಳಿಗೆ ಸುಮಾರು 537 ಡಾಲರ್, 50ಕ್ಕೆ 1,102, 70ಕ್ಕೆ 1,759, 100ಕ್ಕೆ 3,831 ಡಾಲರ್ ದೊರೆಯುತ್ತಿತ್ತು. ಒಂದು ಮೆಟ್ಟಿಲಿನ ವ್ಯತ್ಯಾಸವು ಒಂದು ಸಂಸಾರದ ಬಾಡಿಗೆಯನ್ನೋ ಊಟವನ್ನೋ ನಿರ್ಧರಿಸಬಲ್ಲದು.

ಇಂತಹ ಒಬ್ಬ ಸೈನಿಕನ ಸ್ಥಿತಿಯನ್ನು ಉದಾಹರಣೆಗಾಗಿ ಭಾವಿಸಬಹುದು. ಇಲಾಖೆ ಗೊತ್ತುಮಾಡಿದ ಪರೀಕ್ಷಕ ವೈದ್ಯರ ಮುಂದೆ ಅವನು ಸ್ನಾನಮಾಡಿ, ಇಸ್ತ್ರಿ ಮಾಡಿದ ಬಟ್ಟೆ ಧರಿಸಿ, ಹೊತ್ತಿಗೆ ಸರಿಯಾಗಿ ಹಾಜರಾಗುತ್ತಾನೆ. ಸೈನ್ಯ ಅವನಿಗೆ ಕಲಿಸಿದ್ದೇ ಅದು. ನಿದ್ದೆ ಹೇಗಿದೆಯೆಂದರೆ ಪರವಾಗಿಲ್ಲವೆನ್ನುತ್ತಾನೆ. ಮನೆಯವರೊಂದಿಗೆ ಹೇಗಿದ್ದೀರೆಂದರೆ ಚೆನ್ನಾಗಿದ್ದೇವೆನ್ನುತ್ತಾನೆ. ತಿಂಗಳಲ್ಲಿ ಎಷ್ಟೋ ರಾತ್ರಿ ಹೆಂಡತಿ ಮಕ್ಕಳೊಂದಿಗೆ ಬೇರೆ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಾಳೆಂಬುದನ್ನು ಹೇಳುವುದಿಲ್ಲ. ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟುದನ್ನು ಹೇಳುವುದಿಲ್ಲ. ವೈದ್ಯರು ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳುತ್ತಾರೆ. ಕೆಲವು ತಿಂಗಳ ಮೇಲೆ ಶೇಕಡಾ 30 ಎಂಬ ತೀರ್ಪು ಬರುತ್ತದೆ. ಮೇಲ್ಮನವಿ ಸಲ್ಲಿಸಬೇಕೆಂದು ಹೆಂಡತಿ ಹೇಳುತ್ತಾಳೆ. ಕೊಟ್ಟದ್ದು ಸಾಕು, ಇನ್ನೂ ಬೇಡುವುದು ಅಪಮಾನವೆಂದು ಅವನು ಹೇಳುತ್ತಾನೆ. ಇವರಲ್ಲಿ ಯಾರ ಮಾತು ಧರ್ಮ್ಯವಾದುದು?

ಅವನ ನಿರಾಕರಣೆಯ ಹಿಂದೆ ಮೂರು ಸಂಶಯಗಳಿವೆ. ಹೆಚ್ಚು ಕೇಳುವುದು ಲೋಭವೆಂಬುದು ಒಂದು. ದುಃಖವನ್ನು ಹೊರಗೆಡಹುವುದು ಧೈರ್ಯಕ್ಕೆ ಕುಂದು ಎಂಬುದು ಎರಡನೆಯದು. ಮರಳಿ ಹೇಳಹೊರಟರೆ ಮಾತು ಉತ್ಪ್ರೇಕ್ಷೆಯಾಗಿ ಸುಳ್ಳಾದೀತೆಂಬುದು ಮೂರನೆಯದು. ಮೂರೂ ಹಗುರವಾಗಿ ತಳ್ಳಿಹಾಕತಕ್ಕವಲ್ಲ. ಒಂದೊಂದರಲ್ಲಿಯೂ ಒಂದು ಸದ್ಗುಣದ ಅಂಶವಿದೆ. ಆದುದರಿಂದಲೇ ಅವು ಕಟ್ಟಿಹಾಕುತ್ತವೆ.

ಮೊದಲನೆಯದಾಗಿ ಲೋಭದ ಮಾತು. ತನ್ನದಲ್ಲದುದನ್ನು ಬಯಸುವುದು, ಅಥವಾ ತನ್ನದನ್ನೇ ಮಿತಿಯಿಲ್ಲದೆ ಕೂಡಿಡುವುದು ಲೋಭ. ಸೈನಿಕನ ಪರಿಹಾರಧನವು ದಾನವಲ್ಲ. ದಾನವಾಗಿದ್ದರೆ ಕೊಟ್ಟಷ್ಟಕ್ಕೆ ತೃಪ್ತನಾಗುವುದು ಪಡೆಯುವವನ ಕರ್ತವ್ಯವಾಗುತ್ತಿತ್ತು. ರಾಷ್ಟ್ರವೊಂದು ಒಬ್ಬ ಯುವಕನ ಸ್ವಸ್ಥ ಮನಸ್ಸನ್ನು ತನ್ನ ಕಾರ್ಯಕ್ಕಾಗಿ ತೆಗೆದುಕೊಂಡು ಅದನ್ನು ಭಗ್ನಮಾಡಿ ಹಿಂದಿರುಗಿಸಿದರೆ, ಉಳಿದದ್ದಕ್ಕೆ ಉತ್ತರ ಕೊಡಬೇಕಾದ ಭಾರ ರಾಷ್ಟ್ರದ ಮೇಲಿರುತ್ತದೆ. ಅದು ಋಣ, ಇನ್ನೂ ಸರಿಯಾಗಿ ಹೇಳಿದರೆ ನ್ಯಾಸ, ಅಂದರೆ ನಂಬಿ ಇಟ್ಟ ಇಡುಗಂಟು.

ಇಲ್ಲಿ ಶ್ರಾವಕಾಚಾರದ ಒಂದು ಸೂಕ್ಷ್ಮ ವಿವೇಚನೆ ಸ್ಮರಣೀಯ. ಉಮಾಸ್ವಾಮಿಗಳು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವನ್ನೂ ಹೇಳಿದ್ದಾರೆ. ಕನ್ನಡ ನಾಡಿನ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸಿದ ರೀತಿ ಗಮನಾರ್ಹ. ಒಬ್ಬನು ಹೊನ್ನನ್ನು ಇನ್ನೊಬ್ಬನಲ್ಲಿ ಇಟ್ಟಿದ್ದಾನೆ. ಕಾಲಾಂತರದಲ್ಲಿ ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು, ಇಟ್ಟುದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಪೂರ್ತಿ ಮೊತ್ತವನ್ನು ಬಲ್ಲವನಾಗಿದ್ದೂ, ಹೌದು, ಅಷ್ಟೇ ಎಂದು ಒಪ್ಪಿ ಕೊಟ್ಟುಬಿಡುತ್ತಾನೆ. ಅವನು ಕದಿಯಲಿಲ್ಲ. ಕೇಳಿದ್ದನ್ನು ಇಲ್ಲವೆನ್ನಲೂ ಇಲ್ಲ. ಆದರೂ ಸತ್ಯವ್ರತಕ್ಕೆ ಕುಂದು ಬಂದಿತು. ಇದನ್ನು ಅಸ್ತೇಯದ ಅಡಿಯಲ್ಲಿ ಹೇಳದೆ ಸತ್ಯದ ಅಡಿಯಲ್ಲಿ ಹೇಳಿದುದರಲ್ಲಿ ದೊಡ್ಡ ಅರ್ಥವಿದೆ. ಎದುರಿಗಿರುವವನ ಮರೆವನ್ನು, ಸಂಕೋಚವನ್ನು, ಅಜ್ಞಾನವನ್ನು ತನ್ನ ಲಾಭಕ್ಕೆ ಬಳಸಿಕೊಂಡು ಒಪ್ಪಿಗೆಯ ಮಾತಾಡುವುದೂ ಅಸತ್ಯವೇ.

ಪರೀಕ್ಷಕರ ಮುಂದೆ ಪರವಾಗಿಲ್ಲವೆಂದ ಸೈನಿಕನು ತಾನಿಟ್ಟ ಹೊನ್ನಿನ ಲೆಕ್ಕವನ್ನು ಕಡಿಮೆ ಹೇಳಿದವನು. ಹಾಗಾದರೆ ಆ ಕಡಿಮೆ ಲೆಕ್ಕವನ್ನೇ ಹಿಡಿದು ತೀರ್ಪು ಕೊಡುವುದು ಇಲಾಖೆಗೆ ಸಲ್ಲುವುದೇ? ಅಮೆರಿಕದ ಕಾನೂನೇ ಸಲ್ಲದೆನ್ನುತ್ತದೆ. ಅರ್ಜಿದಾರನ ಪ್ರಕರಣಕ್ಕೆ ಬೇಕಾದ ಸಂಗತಿಗಳನ್ನು ಕಲೆಹಾಕಲು ನೆರವಾಗಬೇಕೆಂಬುದು, ಸರ್ಕಾರದ ಹಿತವನ್ನು ಕಾಯುತ್ತಲೇ ಕಾನೂನು ಸಮ್ಮತಿಸುವ ಪ್ರತಿಯೊಂದು ಸೌಲಭ್ಯವನ್ನೂ ಕೊಡಬೇಕೆಂಬುದು ಇಲಾಖೆಯ ನಿಯಮ. 2000ದ ಕಾಯಿದೆಯೊಂದು ಈ ಸಹಾಯದ ಕರ್ತವ್ಯವನ್ನು ಮತ್ತಷ್ಟು ಸ್ಪಷ್ಟಗೊಳಿಸಿತು. ಪರ ವಿರೋಧ ಸಾಕ್ಷ್ಯಗಳು ಸರಿಸುಮಾರು ಸಮತೂಕವಾಗಿದ್ದರೆ ಸಂಶಯದ ಲಾಭ ಸೈನಿಕನಿಗೇ ಸಲ್ಲಬೇಕು. ಸಾಮಾನ್ಯ ವ್ಯಾಜ್ಯದಲ್ಲಿ ತಕ್ಕಡಿ ಸಮವಾದರೆ ಕೇಳಿದವನು ಸೋಲುತ್ತಾನೆ, ಇಲ್ಲಿ ಗೆಲ್ಲುತ್ತಾನೆ. 1990ರಲ್ಲಿ ಗಿಲ್ಬರ್ಟ್ ಪ್ರಕರಣದಲ್ಲಿ ಸೈನಿಕರ ಮೇಲ್ಮನವಿ ನ್ಯಾಯಾಲಯವು ಈ ತತ್ವವನ್ನು ವಿಶದಪಡಿಸಿತು. ಭಾರತದಲ್ಲಿಯೂ 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೇನೆಗೆ ಸೇರುವಾಗ ದಾಖಲಾಗದ ರೋಗ ಸೇವೆಯಿಂದಲೇ ಬಂದುದೆಂದು ಭಾವಿಸತಕ್ಕದ್ದು, ಅಲ್ಲವೆಂದು ತೋರಿಸುವ ಹೊಣೆ ಸೇನೆಯದು ಎಂದು ತೀರ್ಮಾನಿಸಿತು.

ಈ ಔದಾರ್ಯ ಮೊದಲಿನಿಂದ ಇದ್ದುದಲ್ಲ. ಅಂತರ್ಯುದ್ಧದ ಕಾಲದಿಂದ, ಅಂದರೆ 1864ರಿಂದ, ಸೈನಿಕನ ಪರ ವಾದಿಸುವ ವಕೀಲನು 10 ಡಾಲರಿಗಿಂತ ಹೆಚ್ಚು ಶುಲ್ಕ ಪಡೆಯುವಂತಿರಲಿಲ್ಲ. ಸೈನಿಕರನ್ನು ವಂಚಕರಿಂದ ಕಾಯಲೆಂದು ಬಂದ ಆ ನಿಯಮವು ಕ್ರಮೇಣ ಅವರಿಗೆ ವಕೀಲರೇ ಸಿಗದಂತೆ ಮಾಡಿತು. 1985ರಷ್ಟು ಈಚೆಗೂ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. ಇಲಾಖೆಯ ತೀರ್ಪನ್ನು ಪರಿಶೀಲಿಸುವ ಪ್ರತ್ಯೇಕ ನ್ಯಾಯಾಲಯ ಹುಟ್ಟಿದ್ದು 1988ರ ಕಾಯಿದೆಯಿಂದ. ಸದುದ್ದೇಶದ ನಿಯಮವೂ ನೊಂದವನ ಬಾಯಿ ಕಟ್ಟಬಲ್ಲದೆಂಬುದಕ್ಕೆ ಇದು ಸಾಕ್ಷಿ. ಇಟ್ಟುಕೊಂಡವನೇ ಲೆಕ್ಕಿಗನೂ ನ್ಯಾಯಾಧೀಶನೂ ಆಗಿರುವಲ್ಲಿ ಮರುಪರಿಶೀಲನೆ ಕೇಳುವುದು ದುರಾಶೆಯಲ್ಲ, ಲೆಕ್ಕ ಸರಿಯಾಗಲೆಂಬ ಅಪೇಕ್ಷೆ.

ಎರಡನೆಯದು ಧೈರ್ಯದ ಮಾತು. ತನ್ನ ಪಾಲಿನ ದುಃಖವನ್ನು ಮೌನವಾಗಿ ಹೊರುವವನು ಗೌರವಾರ್ಹನೆಂಬುದು ನಿಜ. ಆದರೆ ಆ ದುಃಖವನ್ನು ನಿಜವಾಗಿ ಹೊರುತ್ತಿರುವವರು ಯಾರು? ಚಿಲಕ ಹಾಕಿದ ಕೋಣೆಯಲ್ಲಿ ಮಲಗುವವರು ಹೆಂಡತಿ ಮಕ್ಕಳು. ಕೆಲಸ ಹೋದಾಗ ಎರಡು ಪಾಳಿ ದುಡಿಯುವವಳು ಅವಳು. ತಪಸ್ವಿಯು ಪರೀಷಹಗಳನ್ನು ತಾನು ಸಹಿಸುತ್ತಾನೆ, ತನ್ನ ಸಹನೆಯ ಬೆಲೆಯನ್ನು ಇತರರಿಂದ ತೆರಿಸುವುದಿಲ್ಲ. ಗೃಹಸ್ಥನ ಮೌನದಿಂದ ಮನೆಯವರು ಅನ್ನಕ್ಕೂ ನೆಮ್ಮದಿಗೂ ಎರವಾದರೆ ಆ ಮೌನವನ್ನು ಸಹನೆಯೆಂದು ಕರೆಯಲಾಗದು. ಅದರೊಳಗೆ ಮಾನಕಷಾಯದ ಸುಳಿವಿದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.

ಇಲ್ಲಿಯೇ ಹೆಂಡತಿಯ ಧರ್ಮಸಂಕಟವೂ ಏಳುತ್ತದೆ. ಮನೆಯವರು, ಗೆಳೆಯರು, ಜೊತೆಯ ಸೈನಿಕರು ತಾವು ಕಣ್ಣಾರೆ ಕಂಡುದನ್ನು ಬರೆದುಕೊಟ್ಟರೆ ಇಲಾಖೆ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬೇಕು. ಆದರೆ ಸತ್ಯವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೂ ಒಂದು. ದಂಪತಿಗಳ ಏಕಾಂತದ ಸಂಗತಿಯನ್ನು ಬಯಲು ಮಾಡುವುದು ಅದರ ಅರ್ಥ. ಗಂಡನ ಕಿರುಚಾಟವನ್ನು, ಕಣ್ಣೀರನ್ನು ಸರ್ಕಾರಿ ಕಡತಕ್ಕೆ ಬರೆದುಕೊಡುವುದು ಅದೇ ದೋಷವಾಗದೇ? ಬರೆಯುವ ಉದ್ದೇಶವೂ ಬರೆಯುವ ರೀತಿಯೂ ಇದನ್ನು ನಿರ್ಣಯಿಸುತ್ತವೆ. ಹಂಗಿಸಲು, ಬೆದರಿಸಲು, ಕುತೂಹಲ ತಣಿಸಲು ಆಡಿದ ಮಾತು ದೋಷ. ಅವನ ಅನುಮತಿಯಿಂದ, ಅವನ ಹಿತಕ್ಕಾಗಿ, ತಿಳಿಯಬೇಕಾದವರಿಗೆ ಮಾತ್ರ, ಬೇಕಾದಷ್ಟನ್ನೇ ತಿಳಿಸುವುದು ಶುಶ್ರೂಷೆಯ ಅಂಗ. ವೈದ್ಯನಿಗೆ ಗಾಯ ತೋರಿಸಿದವಳು ಗುಟ್ಟು ರಟ್ಟು ಮಾಡಿದಂತಲ್ಲ. ಆದರೆ ಅನುಮತಿ ಮುಖ್ಯ. ಅವನು ಬೇಡವೆಂದರೆ ಅವನೊಂದಿಗೆ ಕುಳಿತು ಮಾತಾಡುವುದೇ ಮೊದಲ ಕೆಲಸ.

ಮೂರನೆಯದು ಉತ್ಪ್ರೇಕ್ಷೆಯ ಭಯ. ಮೂರರಲ್ಲಿ ಅತ್ಯಂತ ಗಂಭೀರವಾದುದು ಇದೇ. ನಿನ್ನ ಅತ್ಯಂತ ಕೆಟ್ಟ ದಿನವನ್ನು ವರ್ಣಿಸು ಎಂಬ ಉಪದೇಶ ಅಲ್ಲಿ ಸಾಮಾನ್ಯ. ಆ ಉಪದೇಶದಲ್ಲಿ ಅರ್ಧ ಸತ್ಯವಿದೆ. ಒಳ್ಳೆಯ ದಿನವನ್ನಷ್ಟೇ ಹೇಳಿದವನು ಹೇಗೆ ಪೂರ್ಣ ಸತ್ಯ ಹೇಳಲಿಲ್ಲವೋ, ಕೆಟ್ಟ ದಿನವನ್ನೇ ಪ್ರತಿದಿನವೆಂಬಂತೆ ಹೇಳಿದವನೂ ಹಾಗೆಯೇ ಪೂರ್ಣ ಸತ್ಯ ಹೇಳಲಿಲ್ಲ. ಕೆಟ್ಟ ದಿನವನ್ನು ಕೆಟ್ಟ ದಿನವೆಂದೇ ಹೇಳಿ, ಅಂತಹ ದಿನ ತಿಂಗಳಿಗೆ ಎಷ್ಟು ಬಾರಿ ಬರುತ್ತದೆ, ಬಂದರೆ ಎಷ್ಟು ಹೊತ್ತು ಇರುತ್ತದೆ, ಆಗ ಏನು ಮಾಡಲಾಗುವುದಿಲ್ಲ, ಉಳಿದ ದಿನಗಳು ಹೇಗಿರುತ್ತವೆ ಎಂದು ಹೇಳಿದರೆ ಆ ಮಾತಿನಲ್ಲಿ ಯಾವ ಕುಂದೂ ಇಲ್ಲ. ಯಾವ ಅಪೇಕ್ಷೆಯಿಂದ ಒಂದು ಮಾತು ನಿಜವೋ ಆ ಅಪೇಕ್ಷೆಯನ್ನೂ ಕೂಡಿಸಿ ಹೇಳಬೇಕೆಂಬ ಸ್ಯಾದ್ವಾದದ ಶಿಸ್ತು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಾನು ಚೆನ್ನಾಗಿದ್ದೇನೆ ಎಂಬುದು ಒಂದು ಅಪೇಕ್ಷೆಯಿಂದ ನಿಜ, ನಾನು ಕುಸಿದಿದ್ದೇನೆ ಎಂಬುದು ಇನ್ನೊಂದರಿಂದ ನಿಜ. ಕೇಳುವವನಿಗೆ ಎರಡನ್ನೂ ಕೊಡದಿದ್ದರೆ ಅವನ ತೀರ್ಪು ಕುರುಡಾಗುತ್ತದೆ.

ನಿಯಮದ ಪಟ್ಟಿಯಲ್ಲಿ ಬರೆದಿರುವ ಲಕ್ಷಣಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವ ಅಗತ್ಯವೂ ಇಲ್ಲ. ಅವು ಉದಾಹರಣೆಗಳು ಮಾತ್ರ, ಎಲ್ಲವೂ ಇರಲೇಬೇಕೆಂದಿಲ್ಲ ಎಂದು 2002ರ ಮೌರ್‌ಹಾನ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಇಲ್ಲದ ಲಕ್ಷಣವನ್ನು ಬರೆಸುವುದು, ಅಥವಾ ಅವನು ಆಡದ ಮಾತನ್ನು ಆಡಿದನೆಂದು ಯಾರೇ ಬರೆಯುವುದು ಕೂಟಲೇಖಕ್ರಿಯೆಯ ದೋಷ. ಆ ದೋಷ ಅರ್ಜಿದಾರನಿಗಷ್ಟೇ ಅಲ್ಲ, ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ಅವನು ಹೇಳಿದ್ದನ್ನು ಬಿಟ್ಟು ಬರೆಯುವ ಪರೀಕ್ಷಕನಿಗೂ ತಗಲುತ್ತದೆ. ಒಬ್ಬನ ಸುಳ್ಳು ಬೊಕ್ಕಸಕ್ಕೆ ಮಾತ್ರ ಹಾನಿಯಲ್ಲ. ಅದು ಮುಂದೆ ಬರುವ ನೂರು ನಿಜವಾದ ನೋವುಗಳ ಮೇಲೆ ಸಂಶಯದ ನೆರಳು ಚೆಲ್ಲುತ್ತದೆ.

ಹೀಗೆ ನೋಡಿದಾಗ ಮೇಲ್ಮನವಿಯ ದಾರಿಗಳೂ ಒಂದು ಬಗೆಯ ಆತ್ಮಾವಲೋಕನವನ್ನು ಬೇಡುತ್ತವೆ. 2017ರಲ್ಲಿ ಅಂಗೀಕೃತವಾಗಿ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾಯಿದೆ ಮೂರು ದಾರಿಗಳನ್ನು ತೆರೆದಿದೆ. ಹೊಸದಾದ, ಸಂಬಂಧಪಟ್ಟ ಸಾಕ್ಷ್ಯದೊಂದಿಗೆ ಪೂರಕ ಅರ್ಜಿ ಕೊಡುವುದು ಒಂದು. ಅದೇ ಕಡತವನ್ನು ಹಿರಿಯ ಅಧಿಕಾರಿಯೊಬ್ಬರು ಮತ್ತೆ ನೋಡಬೇಕೆಂದು ಕೋರುವುದು ಇನ್ನೊಂದು, ಇದರಲ್ಲಿ ಹೊಸ ಸಾಕ್ಷ್ಯಕ್ಕೆ ಎಡೆಯಿಲ್ಲ. ಮೇಲ್ಮನವಿ ಮಂಡಳಿಯ ನ್ಯಾಯಾಧೀಶರ ಮುಂದೆ ಹೋಗುವುದು ಮೂರನೆಯದು. ಕಡತದಲ್ಲಿ ಎಲ್ಲವೂ ಇದ್ದು ತೀರ್ಪುಗಾರನು ತಪ್ಪಿದ್ದರೆ ಎರಡನೆಯ ದಾರಿ ಯುಕ್ತ. ಹೇಳಬೇಕಾದುದನ್ನು ಹೇಳದೆ ಬಂದವನು ತಾನೇ ಆಗಿದ್ದರೆ ಮೊದಲನೆಯದು ಯುಕ್ತ. ಎಲ್ಲ ಸೋಲಿಗೂ ಇಲಾಖೆಯನ್ನೇ ದೂರುವವನು ತಪ್ಪು ಬಾಗಿಲನ್ನು ತಟ್ಟುವ ಸಂಭವವಿದೆ. ಉದಾಹರಣೆಯ ಸೈನಿಕನಿಗೆ ಬೇಕಾದುದು ಕೋಪದ ಪತ್ರವಲ್ಲ. ಚಿಕಿತ್ಸೆ ನೀಡುವ ವೈದ್ಯರ ವರದಿ, ಹೆಂಡತಿಯ ಹೇಳಿಕೆ, ಕೆಲಸ ಬಿಟ್ಟ ದಾಖಲೆಗಳು, ಇವೆಲ್ಲದರ ಜೊತೆಗೆ ಅವನ ಪ್ರಾಮಾಣಿಕ ನಿವೇದನೆ, ಇಷ್ಟೇ. ತೀರ್ಪು ಬಂದ ಒಂದು ವರ್ಷದೊಳಗೆ ಮುಂದುವರಿಸಿದರೆ, ಗೆದ್ದ ಪಕ್ಷದಲ್ಲಿ ಮೊದಲ ಅರ್ಜಿಯ ಕಾಲದಿಂದ ಬಾಕಿ ಸಲ್ಲುವ ಅವಕಾಶ ಉಳಿಯುತ್ತದೆ. ಅಂಗೀಕೃತ ಸೈನಿಕ ಸಂಘಗಳು ಶುಲ್ಕವಿಲ್ಲದೆ ನೆರವಾಗುತ್ತವೆ.

ಅವಧಿಯ ಮಾತು ಬಂದಾಗ ಹೆಂಡರ್ಸನ್ ವಿರುದ್ಧ ಶಿನ್ಸೆಕಿ ಎಂಬ ಪ್ರಕರಣ ನೆನಪಾಗದಿರದು. ಕೊರಿಯಾ ಯುದ್ಧಕಾಲದ ಆ ಸೈನಿಕನಿಗೆ ತೀವ್ರ ಮನೋವ್ಯಾಧಿಗಾಗಿ ಶೇಕಡಾ 100ರ ದರ್ಜೆ ದೊರೆತಿತ್ತು. ಮನೆಯಲ್ಲಿ ಆರೈಕೆಗಾಗಿ ಕೇಳಿದ ಹೆಚ್ಚುವರಿ ನೆರವು ನಿರಾಕರಿಸಲ್ಪಟ್ಟು, ನ್ಯಾಯಾಲಯಕ್ಕೆ ಹೋಗಲು ಇದ್ದ 120 ದಿನಗಳ ಗಡುವನ್ನು ಅವನು 15 ದಿನ ಮೀರಿದ. ಗಡುವು ಮೀರಲು ತನ್ನ ಕಾಯಿಲೆಯೇ ಕಾರಣವೆಂದು ಅವನ ವಾದ. ಕೆಳಗಿನ ನ್ಯಾಯಾಲಯಗಳು ಅದನ್ನು ಕೇಳುವ ಅಧಿಕಾರವೇ ತಮಗಿಲ್ಲವೆಂದವು. 2011ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗಡುವು ಅಷ್ಟು ಕಠೋರವಾದುದಲ್ಲವೆಂದು ಸರ್ವಾನುಮತದಿಂದ ತೀರ್ಪಿತ್ತಿತು. ಆ ವೇಳೆಗೆ ಅವನು ತೀರಿಕೊಂಡಿದ್ದು, ವ್ಯಾಜ್ಯವನ್ನು ಪತ್ನಿ ಮುಂದುವರಿಸಿದ್ದಳು. ಯಾವ ರೋಗಕ್ಕಾಗಿ ನೆರವು ಕೇಳಲಾಗಿತ್ತೋ ಆ ರೋಗವೇ ಕೇಳುವ ಶಕ್ತಿಯನ್ನೂ ಕಸಿದಿತ್ತು. ಮನೋವ್ಯಾಧಿಯುಳ್ಳವನಿಂದ ಸ್ವಸ್ಥನಿಂದ ನಿರೀಕ್ಷಿಸುವಷ್ಟೇ ಕ್ರಮಬದ್ಧತೆಯನ್ನು ನಿರೀಕ್ಷಿಸುವುದು ನಿಷ್ಪಕ್ಷಪಾತದಂತೆ ಕಂಡರೂ ನಿಷ್ಕರುಣೆಯೇ ಸರಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಹಣವು ರೋಗದ ತೀವ್ರತೆಗೆ ಕಟ್ಟಿಬಿದ್ದಿರುವಲ್ಲಿ ಗುಣವಾಗುವುದೇ ನಷ್ಟವಾಗಿ ತೋರಬಹುದು. ವರ್ಷಗಟ್ಟಲೆ ತಾನು ಭಗ್ನನೆಂದು ಸಾಧಿಸಬೇಕಾದವನು ಕೊನೆಗೆ ತನ್ನನ್ನು ಬೇರೆ ರೀತಿಯಲ್ಲಿ ನೋಡಲಾರದೆ ಹೋಗಬಹುದು. ಮರುಪರಿಶೀಲನೆಯಲ್ಲಿ ದರ್ಜೆ ಇಳಿಯುವ ಸಂಭವವೂ ಇಲ್ಲದಿಲ್ಲ. ಈ ತೊಡಕಿಗೆ ಕಾನೂನಿನಲ್ಲಿ ಪೂರ್ಣ ಪರಿಹಾರವಿಲ್ಲ. ಸೈನಿಕನು ನೆನಪಿಡಬೇಕಾದುದು ಇಷ್ಟು: ಶೇಕಡಾ ಲೆಕ್ಕವು ದುಡಿಮೆಗೂ ಬಾಳಿಗೂ ಆದ ಹಾನಿಯ ಅಂದಾಜು, ಅವನ ಆತ್ಮದ ಬೆಲೆಯಲ್ಲ. ಚಿಕಿತ್ಸೆಯನ್ನು ಬಿಡದೆ ಮುಂದುವರಿಸುವುದು, ಗುಣ ಕಂಡರೆ ಅದನ್ನೂ ಮುಚ್ಚಿಡದಿರುವುದು ಅದೇ ಸತ್ಯದ ಇನ್ನೊಂದು ಮುಖ. ನೋವನ್ನು ಹೇಳಲು ಯಾವ ಸತ್ಯ ಅಧಿಕಾರ ಕೊಟ್ಟಿತೋ ಅದೇ ಸತ್ಯ ನೆಮ್ಮದಿಯನ್ನೂ ಹೇಳಿಸುತ್ತದೆ. ಈ ಬೆಲೆಯನ್ನು ತೆರಲು ಸಿದ್ಧನಾದವನ ಮೇಲ್ಮನವಿಯನ್ನು ಲೋಭವೆನ್ನಲು ಯಾರಿಗೂ ಹಕ್ಕಿಲ್ಲ.

ಯುದ್ಧವು ಹಿಂಸೆ. ಅದನ್ನು ಒಪ್ಪದವರೂ ಅದರಿಂದ ಭಗ್ನರಾದವರನ್ನು ಕೈಬಿಡಲಾಗದು. ಸದ್ದಡಗಿದ ಮೇಲೂ ಒಂದು ಮನೆಯ ಕೋಣೆಯಲ್ಲಿ ಮುಂದುವರಿಯುವ ಹಿಂಸೆಯನ್ನು ನಿಲ್ಲಿಸುವುದೂ ಅಹಿಂಸೆಯ ಕಾರ್ಯವೇ. ಈ ವಿಚಾರ ಸೈನಿಕರಿಗಾಗಲಿ ದೂರದೇಶಕ್ಕಾಗಲಿ ಸೀಮಿತವಲ್ಲ. ವೈದ್ಯಕೀಯ ನೆರವನ್ನೋ ವಿದ್ಯಾರ್ಥಿವೇತನವನ್ನೋ ಹಂಚುವ ಯಾವುದೇ ಟ್ರಸ್ಟಿನ ಮುಂದೆ, ಆಸ್ತಿ ಪಾಲಾಗುವ ಯಾವುದೇ ಮನೆಯ ಜಗಲಿಯಲ್ಲಿ, ತನ್ನ ಅಗತ್ಯವನ್ನು ಕಡಿಮೆ ಹೇಳುವ ಒಬ್ಬ ವಿಧವೆಯೋ, ಮನೋರೋಗವನ್ನು ಬಾಯಿಬಿಟ್ಟು ಹೇಳಲಾರದ ಒಬ್ಬ ತರುಣನೋ ಇದ್ದೇ ಇರುತ್ತಾರೆ. ಕೇಳಿದಷ್ಟು ಕೊಟ್ಟೆವೆಂದು ಲೆಕ್ಕ ಮುಗಿಸುವುದು ಸುಲಭ. ಪುಸ್ತಕದಲ್ಲಿ ಅದು ಸರಿಯಾಗಿಯೂ ಕಾಣುತ್ತದೆ. ಆದರೆ ಇಟ್ಟವನು ಮರೆತ ಹೊನ್ನನ್ನು ಬಲ್ಲವನು ತಾನೇ ಎದ್ದು, ನಿನ್ನದು ಇನ್ನೂ ಇದೆ ಎಂದು ಹೇಳಬೇಕೆಂಬುದು ಪೂರ್ವಾಚಾರ್ಯರ ವಿವೇಚನೆಯ ಸಾರ. ಸಂಕೋಚದಿಂದ ಕಡಿಮೆ ಕೇಳಿದವರನ್ನು ಇನ್ನೊಮ್ಮೆ ಕರೆದು, ಸಾವಧಾನವಾಗಿ ಕೂರಿಸಿ, ನಿಜವಾಗಿ ಹೇಗಿದ್ದೀರಿ ಎಂದು ಕೇಳುವಷ್ಟು ವ್ಯವಧಾನ ಕೊಡುವ ಕೈಗಳಿಗೆ ಇರಬೇಕು.